ಯಾವ ಖಾತೆಗೂ ಸೇರದ ಕಾಲು

ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ, ಚಿಟಿಕೆ ಮೈಲುತುತ್ತ ಹಾಕಿ ಸಣ್ಣ ಉರಿಯಲ್ಲಿ ಕುದಿಸಿದರೆ ಒಂದು ವಾಸನೆ ಬರುತ್ತದೆ. ಗಂಜಿಯ ವಾಸನೆಯಂತೆ ಶುರುವಾಗಿ, ಕೊನೆಗೆ ಹಳೆಯ ತಾಮ್ರದ ಪಾತ್ರೆಯನ್ನು ಮೂಸಿದಂತೆ ಮುಗಿಯುವ ವಾಸನೆ. ನನ್ನ ಬಾಲ್ಯವೆಲ್ಲ ಅದರಲ್ಲೇ ಕಳೆಯಿತು. ಅಪ್ಪ ಸರ್ಕಾರಿ ಮುದ್ರಣಾಲಯದಲ್ಲಿ ಬೈಂಡರ್. ಹೆಚ್ಚು ಕೆಲಸ ಬಂದಾಗ ಪುಸ್ತಕಗಳನ್ನು ಮನೆಗೆ ತಂದು, ಹಿತ್ತಲಲ್ಲಿ ಅಂಟು ಕಾಯಿಸುತ್ತಿದ್ದರು. "ಆ ಪಾತ್ರೆ ನನ್ನ ಒಲೆ ಹತ್ರ ತರ್ಬೇಡಿ, ಯಾರಾದ್ರೂ ಗಂಜಿ ಅಂತ ಕುಡಿದಾರು" ಎಂದು ಅಮ್ಮ ಗೊಣಗುತ್ತಿದ್ದಳು. ವಿಷ ಹಾಕದಿದ್ದರೆ ಪುಸ್ತಕವನ್ನು ಹುಳ ತಿನ್ನುತ್ತದೆ ಎಂದು ಅಪ್ಪ ನನಗೆ ಮಾತ್ರ ಕೇಳಿಸುವ ಹಾಗೆ ಹೇಳುತ್ತಿದ್ದರು.

ಬಿ.ಎ. ಮುಗಿಸಿ ಸಂಪುಟ ಸಚಿವಾಲಯದಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ನನ್ನ ಮೇಜಿನ ಮೇಲೆ ಅದೇ ವಾಸನೆಯ ಡಬ್ಬಿಯೊಂದಿತ್ತು. ಪಕ್ಕದಲ್ಲಿ ಒಂದು ದಪ್ಪ ಪುಸ್ತಕ. ಕಾರ್ಯಹಂಚಿಕೆ ಪುಸ್ತಕ ಎಂದು ಅದರ ಹೆಸರು. ಮಂತ್ರಿಗಳು ಪ್ರಮಾಣವಚನ ತೆಗೆದುಕೊಳ್ಳುವುದನ್ನು ಎಲ್ಲರೂ ನೋಡುತ್ತಾರೆ. ಆಮೇಲೆ ಯಾವ ಕೆಲಸ ಯಾವ ಮಂತ್ರಿಯದು ಎಂಬುದು ಈ ಪುಸ್ತಕದಲ್ಲಿ ಮಾತ್ರ ಇರುತ್ತದೆ. ಪ್ರತಿ ಖಾತೆಗೂ ಕೆಲವು ಪುಟಗಳು, ಪ್ರತಿ ಕೆಲಸಕ್ಕೂ ಒಂದು ಸಾಲು. ಬಂದರಿನ ಹೂಳು ತೆಗೆಸುವವರು ಯಾರು, ಹುಚ್ಚುನಾಯಿ ಕಚ್ಚಿದವರ ಚುಚ್ಚುಮದ್ದು ಯಾರ ಹೊಣೆ, ಗಡಿಯಾಚೆಯಿಂದ ಬಂದ ಬಿತ್ತನೆ ಬೀಜವನ್ನು ಪರೀಕ್ಷಿಸುವವರು ಯಾರು, ಎಲ್ಲವೂ. ನಡುವೆ ಏನಾದರೂ ಬದಲಾದರೆ ಮುದ್ರಣಾಲಯದಿಂದ ತಿದ್ದುಪಡಿ ಚೀಟಿ ಬರುತ್ತಿತ್ತು. ಹಳೆಯ ಸಾಲಿನ ಮೇಲೆ ಆ ಚೀಟಿಯನ್ನು ಅಂಟಿಸುವುದು ನನ್ನ ಕೆಲಸ. ಬೈಂಡರ್ ಮಗಳಿಗೆ ಇದಕ್ಕಿಂತ ಒಪ್ಪುವ ಕೆಲಸ ಬೇರೆ ಇಲ್ಲ ಎಂದು ಅಪ್ಪನಿಗೆ ಒಳಗೊಳಗೇ ಹೆಮ್ಮೆ.

ನಾನು ಸೇರಿ ಹನ್ನೆರಡು ವರ್ಷವಾದ ಮೇಲೆ, ಮೂರು ಪಕ್ಷಗಳು ಸೇರಿ ಒಂದು ಸರ್ಕಾರ ಮಾಡಿದವು. ಖಾತೆ ಹಂಚಿಕೊಳ್ಳುವುದಕ್ಕೆ ಹನ್ನೊಂದು ದಿನ ಹಿಡಿಯಿತು. ಅದುವರೆಗೆ ಆರೋಗ್ಯವೂ ಕಾರ್ಮಿಕವೂ ಒಂದೇ ಖಾತೆ; ಇಬ್ಬರನ್ನು ಸಮಾಧಾನ ಮಾಡಬೇಕಾಗಿದ್ದರಿಂದ ಅದನ್ನು ಒಡೆದು ಎರಡು ಮಾಡಿದರು. ಹಳೆಯ ಪುಸ್ತಕವನ್ನು ನಾನು ಗಟ್ಟಿಯಾಗಿ ಓದುತ್ತ ಹೋದೆ, ಟೈಪಿಸ್ಟ್ ಹೊಸದನ್ನು ಹೊಡೆಯುತ್ತ ಹೋದಳು. ಎಲ್ಲ ಹಂಚಿ ಮುಗಿದ ಮೇಲೆ ಚಿಕ್ಕ ಪಕ್ಷದ ಹಿರಿಯರೊಬ್ಬರಿಗೆ ಏನೂ ಉಳಿಯಲಿಲ್ಲ. ಅವರನ್ನು ಖಾತೆರಹಿತ ಸಚಿವರು ಎಂದು ಮಾಡಿ, ಮೊಗಸಾಲೆಯ ಕೊನೆಯಲ್ಲಿ ಒಂದು ಕೋಣೆ ಕೊಟ್ಟರು. ಕಾರು ಇತ್ತು, ಮೊಹರು ಇತ್ತು, ಸಂಪುಟದ ಮೇಜಿನಲ್ಲಿ ಕುರ್ಚಿಯೂ ಇತ್ತು. ಕಡತ ಒಂದೂ ಇರಲಿಲ್ಲ. ಕಚೇರಿಯವರು ಅವರನ್ನು ಖಾಲಿ ಮಂತ್ರಿ ಎನ್ನುತ್ತಿದ್ದರು. ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಹೊಸ ಪುಸ್ತಕ ಬಂದು ಹನ್ನೊಂದು ತಿಂಗಳಾಗಿತ್ತು. ತಿಂಗಳ ಮೂರನೆಯ ತಾರೀಖು, ಬೆಳಿಗ್ಗೆ. ಮೆಟ್ಟಿಲ ಮೇಲೆ ಟಕ್ ಟಕ್ ಎಂದು ಕಂಕುಳುಗೋಲಿನ ಸದ್ದು. ನಮ್ಮದು ಮೂರನೆಯ ಮಹಡಿ. ಲಿಫ್ಟು ಮಂತ್ರಿಗಳಿಗೆ ಮಾತ್ರ. ಎದ್ದು ಹೋಗಿ ನೋಡಿದೆ. ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಹತ್ತಿ ಬರುತ್ತಿದ್ದಳು. ಎಡಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಅವಳ ಹಿಂದೆಯೇ ಗೇಟಿನ ಕಾವಲುಗಾರ ಒಂದು ಸ್ಟೂಲು ಹಿಡಿದುಕೊಂಡು ಬರುತ್ತಿದ್ದ. ಪ್ರತಿ ತಿರುವಿನಲ್ಲೂ ಸ್ಟೂಲು ಹಾಕುವುದು, ಅವಳು ಎರಡು ನಿಮಿಷ ಕೂರುವುದು, ಆಮೇಲೆ ಮತ್ತೆ ಎತ್ತಿಕೊಳ್ಳುವುದು. ಗೇಟು ಬಿಟ್ಟು ಬರಬಾರದೆಂಬ ಕಟ್ಟುನಿಟ್ಟು ಅವನಿಗೆ. ನನ್ನನ್ನು ಕಂಡು, "ಸ್ಟೂಲು ರಿಪೇರಿಗೆ ತಗೊಂಡ್ ಹೋಗ್ತಿದ್ದೀನಿ ಮೇಡಂ" ಎಂದ.

ಅವಳು ನನ್ನ ಮೇಜಿನ ಮುಂದೆ ಕುಳಿತು ಬೆವರು ಒರೆಸಿಕೊಂಡಳು.

"ಅಕ್ಕಾ, ಯಾವ ಮಂತ್ರಿಗೆ ಯಾವ ಕೆಲಸ ಅಂತ ಬರೆಯೋದು ನೀವೇನಾ?"

"ಬರೆಯೋದು ದೊಡ್ಡವರು. ನಾನು ಅಂಟಿಸೋಳು."

"ಹಾಗಾದ್ರೆ ಸರಿಯಾದ ಬಾಗಿಲಿಗೇ ಬಂದೆ."

ಅವಳು ಅಂಚೆ ಹಂಚುವವಳು. ಆರು ತಿಂಗಳ ಹಿಂದೆ ಹಿಂದಕ್ಕೆ ಬರುತ್ತಿದ್ದ ಲಾರಿಯೊಂದು ಅವಳನ್ನೂ ಸೈಕಲ್ಲನ್ನೂ ಗೋಡೆಗೆ ಒತ್ತಿಬಿಟ್ಟಿತ್ತು. ಸರ್ಕಾರದ ಕೃತಕ ಅಂಗ ಕಾರ್ಯಾಗಾರದಲ್ಲಿ ಅವಳ ಕಾಲು ಮುಕ್ಕಾಲು ಸಿದ್ಧವಾಗಿತ್ತು. ಮರ ಕೆತ್ತಿಯಾಗಿತ್ತು, ಪಾದ ಕೂಡಿಸಿಯಾಗಿತ್ತು. ಉಕ್ಕಿನ ಕೀಲು ಮತ್ತು ತೊಡೆಗೆ ಬಿಗಿಯುವ ತೊಗಲು ಮಾತ್ರ ಬೇಕಿತ್ತು. ಅವು ಹೊರಗೆ ಎಲ್ಲೂ ಸಿಗುವಂಥವಲ್ಲ, ಸರ್ಕಾರದ ಉಗ್ರಾಣದಲ್ಲಿದ್ದವು. ಸಂಬಂಧಪಟ್ಟ ಸಚಿವರ ಆದೇಶ ಇಲ್ಲದೆ ಉಗ್ರಾಣದವರು ಬಾಗಿಲು ತೆಗೆಯುತ್ತಿರಲಿಲ್ಲ.

"ಇಪ್ಪತ್ತನೇ ತಾರೀಖು ನಮ್ಮ ಇಲಾಖೆ ಮೆಡಿಕಲ್ ಬೋರ್ಡಿನ ಮುಂದೆ ನಡೆದು ತೋರಿಸ್ಬೇಕು. ನಲವತ್ತು ಹೆಜ್ಜೆ, ಮೂರು ಮೆಟ್ಟಿಲು. ಕೋಲು ಹಿಡಿಯೋ ಹಾಗಿಲ್ಲ. ಆಗ್ಲಿಲ್ಲ ಅಂದ್ರೆ ಕೆಲಸದಿಂದ ತೆಗೀತಾರೆ. ಮನೇಲಿ ಅತ್ತೆ, ಮಗಳು. ದುಡಿಯೋಳು ನಾನೊಬ್ಬಳೇ. ಕಾರ್ಯಾಗಾರದಲ್ಲಿ ಮೇಸ್ತ್ರಿ ಒಂದು ಗೂಟ ಕಟ್ಟಿ ದಿನಾ ನಡೆಸ್ತಾರೆ. ನಂಗೆ ನಡೆಯೋಕ್ ಬರತ್ತೆ ಅಕ್ಕಾ. ಕಾಲೇ ಇಲ್ಲ, ಅಷ್ಟೆ."

ಅವಳು ಚೀಲದಿಂದ ಒಂದು ಲಕೋಟೆ ತೆಗೆದಳು. ಮೇಸ್ತ್ರಿ ಬರೆದ ಅರ್ಜಿ. ಲಕೋಟೆಯ ಮೇಲೆ ಷರಾ ಮೇಲೆ ಷರಾ. ಆರೋಗ್ಯದವರು 'ನಮಗೆ ಸಂಬಂಧಿಸಿಲ್ಲ, ಕಾರ್ಮಿಕಕ್ಕೆ' ಎಂದು ಬರೆದಿದ್ದರು. ಕಾರ್ಮಿಕದವರು ಸಮಾಜ ಕಲ್ಯಾಣಕ್ಕೆ ದೂಡಿದ್ದರು, ಕಲ್ಯಾಣದವರು ಕೈಗಾರಿಕೆಗೆ. ಕೈಗಾರಿಕೆಯವರು ದುಂಡಗಿನ ಚೆಂದದ ಅಕ್ಷರದಲ್ಲಿ 'ಆರೋಗ್ಯಕ್ಕೆ' ಎಂದಿದ್ದರು.

"ಹದಿನಾಲ್ಕು ವರ್ಷ ಮನೆಮನೆಗೆ ಟಪಾಲು ಹಾಕಿದ್ದೀನಿ," ಎಂದಳು. "ಕಾಗದ ಬೀದಿಯೆಲ್ಲಾ ಸುತ್ತಿ ಹೊರಟಲ್ಲಿಗೇ ಬಂತು ಅಂದ್ರೆ ಅದು ಮನೆಯವರ ಕೊಬ್ಬಲ್ಲ. ಆ ನಂಬರಿನ ಮನೆನೇ ಬೀದಿಲಿಲ್ಲ ಅಂತ ಅರ್ಥ. ಅದಕ್ಕೆ ನಂಬರ್ ಬರೆಯೋರು ಎಲ್ಲಿದ್ದಾರೆ ಅಂತ ಹುಡುಕ್ಕೊಂಡು ಬಂದೆ."

ನಾನು ಹೊಸ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ. ಕೃತಕ ಅಂಗ ಕಾರ್ಯಾಗಾರ ಎಲ್ಲೂ ಇರಲಿಲ್ಲ. ಕಪಾಟಿನಿಂದ ಹಳೆಯದನ್ನು ತೆಗೆದೆ. ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಪುಟದಲ್ಲಿ ಮೂವತ್ತೊಂದನೆಯ ಸಾಲಿನ ಮೇಲೆ ಒಂದು ತಿದ್ದುಪಡಿ ಚೀಟಿ ಇತ್ತು. ಅದರ ಕೆಳಗೆ ಮೂವತ್ತಮೂರು. ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಚೀಟಿಯ ಹಿಂದೆ ಇನ್ನೊಂದು ಸಾಲಿನ ಅಕ್ಷರಗಳು ನೆರಳಿನಂತೆ ಕಂಡವು.

ಒದ್ದೆ ಬಟ್ಟೆ ಇಟ್ಟು ಹತ್ತು ನಿಮಿಷ ಕಾದು, ಮೂಲೆಯಿಂದ ಮೆಲ್ಲಗೆ ಎತ್ತಿದೆ. ಹಾಗೆ ಎತ್ತುವುದನ್ನು ಕಲಿಸಿದವರೂ ಅಪ್ಪನೇ. ಮುದ್ರಣಾಲಯದವರು ಚೀಟಿಯನ್ನು ಎರಡು ಸಾಲಿನ ಅಗಲಕ್ಕೆ ಕತ್ತರಿಸಿ ಕಳಿಸಿದ್ದರು. ನಾನು ನೋಡದೆ ಹಾಗೇ ಅಂಟಿಸಿದ್ದೆ. ಮೂವತ್ತೆರಡು, ಕೃತಕ ಅಂಗ ತಯಾರಿಕಾ ಕಾರ್ಯಾಗಾರ, ಅದರಡಿ ಸಿಕ್ಕಿಬಿದ್ದಿತ್ತು. ಹೊಸ ಪುಸ್ತಕಕ್ಕೆ ಓದಿ ಹೇಳುವಾಗಲೂ ಕಂಡದ್ದನ್ನಷ್ಟೇ ಓದಿದ್ದೆ. ಕಾರ್ಯಾಗಾರದಲ್ಲಿ ಸುಮಾರು ಒಂದು ವರ್ಷಕ್ಕಾಗುವಷ್ಟು ಹಳೆಯ ದಾಸ್ತಾನು ಇದ್ದುದರಿಂದ ಇಷ್ಟು ದಿನ ಯಾರಿಗೂ ಗೊತ್ತಾಗಿರಲಿಲ್ಲ.

"ತಪ್ಪು ನಂದೇ ಕಣಮ್ಮಾ. ನನ್ನ ಕೈಯಿಂದಲೇ ಆಗಿರೋದು," ಎಂದೆ.

ಅವಳು ಸ್ವಲ್ಪ ಹೊತ್ತು ಆ ಸಾಲನ್ನೇ ನೋಡಿದಳು. "ನಾನೂ ಒಂದ್ಸಲ ಒಬ್ಬರ ಕೆಲಸದ ಆರ್ಡರ್ ಪಕ್ಕದ ಮನೆಗೆ ಹಾಕ್ಬಿಟ್ಟಿದ್ದೆ," ಎಂದಳು. ನನ್ನನ್ನು ಸಮಾಧಾನ ಮಾಡುತ್ತಿದ್ದಾಳೆ ಅಂದುಕೊಂಡೆ. "ಆದ್ರೆ ಅವತ್ತು ಸಂಜೆನೇ ಹೋಗಿ, ಇಸ್ಕೊಂಡು ಬಂದು, ಸರಿಯಾದ ಮನೆಗೆ ಕೊಟ್ಟೆ ಅಕ್ಕಾ."

ನಾನು ಪುಸ್ತಕ ಎತ್ತಿಕೊಂಡು ಉಪಕಾರ್ಯದರ್ಶಿಯವರ ಕೋಣೆಗೆ ಹೋದೆ. ಅವರಿಗೆ ನಾವಿಟ್ಟ ಹೆಸರು ಅಲ್ಪವಿರಾಮ. ಯಾವ ಕಡತ ಬಂದರೂ ಒಂದು ಅಲ್ಪವಿರಾಮ ಸೇರಿಸದೆ ಬಿಡುತ್ತಿರಲಿಲ್ಲ. ಯಾವುದನ್ನೂ ಮುಗಿಸುತ್ತಲೂ ಇರಲಿಲ್ಲ. ಕೆಟ್ಟವರಲ್ಲ, ಹೆದರುಪುಕ್ಕಲು. ಎಲ್ಲ ಕೇಳಿಕೊಂಡು ಎದ್ದು ಬಾಗಿಲು ಹಾಕಿದರು.

"ಈ ಪುಸ್ತಕ ಅಂದ್ರೆ ಹನ್ನೊಂದು ದಿನದ ಜಗಳ, ಅಮ್ಮಾ. ಒಂದು ಸಾಲು ಸೇರಿಸೋಣ ಅಂತ ತೆರೆದ್ರೆ ಒಬ್ಬರು ಬಂದರು ಖಾತೆ ಕೇಳ್ತಾರೆ, ಇನ್ನೊಬ್ಬರು ಗಣಿ ಕೇಳ್ತಾರೆ. ಒಂದು ಕಾಲಿಗೋಸ್ಕರ ಸರ್ಕಾರ ಬೀಳ್ಸೋಕಾಗತ್ತಾ?"

"ಯಾರಿಗೂ ಹಂಚದೇ ಇರೋ ಕೆಲಸ ಪ್ರಧಾನಿಗಳದ್ದು ಅಂತ ನಿಯಮದಲ್ಲೇ ಇದೆಯಲ್ಲ ಸರ್?"

"ಇದೆ. ಪ್ರಧಾನಿ ಕಚೇರಿಗೆ ಕಾಗದ ಹೋಗೋದು ಸಂಬಂಧಪಟ್ಟ ಖಾತೆ ಮೂಲಕ ಅಂತಾನೂ ಇದೆ. ಸಂಬಂಧಪಟ್ಟ ಖಾತೆ ಯಾವ್ದು, ಹೇಳಿ ನೋಡೋಣ."

ಅವರು ಕಿಟಕಿಯ ಕಡೆ ತಿರುಗಿದರು.

"ಆ ಚೀಟಿನ ಮತ್ತೆ ಅಂಟಿಸ್ಬಿಡಿ. ಮುಂದಿನ ಸರ್ಕಾರ ಬಂದಾಗ ನೋಡೋಣ."

ಅಂಟಿಸಲಿಲ್ಲ. ಅಂಟಿಸುವುದಿಲ್ಲ ಎಂದು ಹೇಳುವ ಧೈರ್ಯವೂ ಬರಲಿಲ್ಲ. ಅಂಚೆಯವಳಿಗೆ "ಪ್ರಯತ್ನ ಮಾಡ್ತೀನಿ" ಎಂದೆ. ಆ ಮಾತನ್ನು ಎಷ್ಟು ಕಚೇರಿಗಳಲ್ಲಿ ಕೇಳಿದ್ದಳೋ, ತಲೆಯಾಡಿಸಿ ಎದ್ದಳು. ಕಾವಲುಗಾರ ಸ್ಟೂಲಿನೊಂದಿಗೆ ಕಾಯುತ್ತಿದ್ದ.

ಅಪ್ಪ ಆಗ ನಿವೃತ್ತರಾಗಿ ನನ್ನ ಜೊತೆಗೇ ಇದ್ದರು. ಅಮ್ಮ ತೀರಿಕೊಂಡಿದ್ದಳು. ಸಂಜೆ ಮನೆಗೆ ಬಂದವಳೇ ಎಲ್ಲ ಹೇಳಿಬಿಟ್ಟೆ.

"ಅಂಟಿಸೋ ಮುಂಚೆ ಕೆಳಗಿನ ಸಾಲು ಓದಿದ್ಯಾ ಮಗಾ?"

"ಇಲ್ಲಪ್ಪಾ."

"ಚೀಟಿ ದೊಡ್ಡದಿದ್ರೆ ಕತ್ತರಿಸ್ಬೇಕಿತ್ತು."

ಅಷ್ಟೇ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ, ನಾನು ಅಳಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ, ವಾರದಿಂದ ಕಿತ್ತುಹೋಗಿದ್ದ ನನ್ನ ಚಪ್ಪಲಿಯ ಬಾರನ್ನು ಬೈಂಡಿಂಗ್ ದಾರದಲ್ಲಿ ಒತ್ತೊತ್ತಾಗಿ ಹೊಲಿದಿಟ್ಟಿದ್ದರು. ಕಣ್ಣು ಮಂಜಾಗಿದ್ದ ಮನುಷ್ಯ ಸೂಜಿಗೆ ದಾರ ಹೇಗೆ ಪೋಣಿಸಿದರೋ.

ಆ ಚಪ್ಪಲಿ ಮೆಟ್ಟಿಕೊಂಡೇ ಮೊಗಸಾಲೆಯ ಕೊನೆಯ ಕೋಣೆಗೆ ಹೋದೆ. ಖಾಲಿ ಮಂತ್ರಿಗಳು ಮೇಜಿನ ಮುಂದೆ ಕುಳಿತು ಪೆನ್ಸಿಲು ಹೆರೆಯುತ್ತಿದ್ದರು. ಹೆರೆದ ಪೆನ್ಸಿಲುಗಳು ಉದ್ದದ ಪ್ರಕಾರ ಸಾಲಾಗಿದ್ದವು. ಮೊಹರಿನ ಪಕ್ಕದ ಶಾಯಿ ಪ್ಯಾಡು ಹೊಸದರಂತೆ ಹೊಳೆಯುತ್ತಿತ್ತು.

"ಏನಮ್ಮಾ, ದಾರಿ ತಪ್ಪಿ ಬಂದ್ಯಾ? ಈ ಕೋಣೆಗೆ ಗಾಳಿ ಬಿಟ್ರೆ ಬೇರೆ ಯಾರೂ ಬರಲ್ಲ."

"ಒಂದು ಕಡತ ತಂದಿದ್ದೀನಿ ಸರ್."

ಅವರು ಕರವಸ್ತ್ರ ತೆಗೆದು ಎರಡೂ ಕೈ ಒರೆಸಿಕೊಂಡರು. ಆಮೇಲೆ ತೆಗೆದುಕೊಂಡರು. ಲಕೋಟೆಯ ಷರಾಗಳನ್ನು, ಮೇಸ್ತ್ರಿಯ ಅರ್ಜಿಯನ್ನು, ನನ್ನ ಟಿಪ್ಪಣಿಯನ್ನು ಒಂದಕ್ಷರ ಬಿಡದೆ ಓದಿದರು. ನನ್ನ ತಪ್ಪನ್ನು ಟಿಪ್ಪಣಿಯಲ್ಲಿ ಬರೆದಿದ್ದೆ.

"ನಂಗೆ ಖಾತೆ ಇಲ್ಲ, ಈ ಕಾಲಿಗೆ ಮಂತ್ರಿ ಇಲ್ಲ," ಎಂದು ನಕ್ಕರು. "ಜೋಡಿ ಚೆನ್ನಾಗಿದೆ. ಆದ್ರೆ ಹಾಗೆ ಸಹಿ ಹಾಕೋಕೆ ಬರಲ್ಲಮ್ಮ. ಸೋಮವಾರ ಸಂಪುಟದಲ್ಲಿ ಕೇಳ್ತೀನಿ. ಕುರ್ಚಿ ಕೊಟ್ಟಿದ್ದಾರಲ್ಲ, ಕೂತು ಕೂತು ಅದೂ ಸವೀತಾ ಇದೆ."

ಸೋಮವಾರ ಒಂಬತ್ತನೆಯ ತಾರೀಖು. ಸಭೆಯ ಬಾಗಿಲ ಹೊರಗೆ ಕಡತ ಹಿಡಿದು ನಿಂತಿದ್ದೆ. ಹನ್ನೆರಡು ವಿಷಯಗಳಾದ ಮೇಲೆ 'ಇತರೆ' ಎಂದು ಕೊನೆಯದೊಂದು ಇರುತ್ತದೆ. ಅದರಲ್ಲಿ ಯಾವ ಸಚಿವರಾದರೂ ಏನನ್ನಾದರೂ ಎತ್ತಬಹುದು. ಬಾಗಿಲು ತೆರೆದಾಗ ಅವರು ಎಲ್ಲರಿಗಿಂತ ಹಿಂದೆ ಬಂದರು.

"ಕಾಲು ಅಂದ ಕೂಡ್ಲೆ ಒಬ್ಬರು ನಕ್ಕರು," ಎಂದರು. "ಇನ್ನೊಬ್ಬರು, ಆ ಕಾರ್ಯಾಗಾರ ಪೇಟೆ ಮಧ್ಯದಲ್ಲಿದೆಯಲ್ವಾ, ಜಾಗ ಎಷ್ಟಿದೆ ಅಂದ್ರು. ಅಲ್ಲಿವರೆಗೆ ಯಾರಿಗೂ ಬೇಡವಾಗಿತ್ತು. ಜಾಗ ಅಂದಮೇಲೆ ನಾಲ್ಕು ಜನಕ್ಕೂ ಬೇಕು. ಕೂಗಾಟ. ಪ್ರಧಾನಿಗಳು ಉಪಸಮಿತಿ ಮಾಡಿದ್ದಾರೆ."

"ಯಾವಾಗ ಸೇರತ್ತೆ ಸರ್?"

"ಮುಂದಿನ ತಿಂಗಳು."

ಬೋರ್ಡು ಸೇರುವುದು ಇಪ್ಪತ್ತಕ್ಕೆ. ತಾರೀಖು ಅವರಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಅವರೇ ಹೇಳಿ ಕಳಿಸಿದರು. ಹೋದಾಗ ಆದೇಶ ಬರೆದು ಮುಗಿಸಿದ್ದರು. ಕೀಲು ಒಂದು ಜೊತೆ, ತೊಗಲು ಒಂದು ಹಾಳೆ, ಕೂಡಲೇ ಕಾರ್ಯಾಗಾರಕ್ಕೆ ಕೊಡತಕ್ಕದ್ದು. ಕೆಳಗೆ 'ಸಚಿವರು' ಎಂದಷ್ಟೇ ಇತ್ತು. ಯಾವ ಖಾತೆ ಎಂದು ಇರಲಿಲ್ಲ.

"ಸರ್, ಇದು ನಿಮಗೆ ತೊಂದರೆ."

"ಸಂಪುಟ ಅಂದ್ರೆ ಸಾಮೂಹಿಕ ಹೊಣೆ ಅಂತ ನೀನು ಓದಿರ್ಬೇಕು. ಒಬ್ಬ ಮಾಡಿದ್ದಕ್ಕೆ ಎಲ್ಲರೂ ಹೊಣೆ. ಹನ್ನೊಂದು ತಿಂಗಳಿಂದ ಅವರು ಮಾಡಿದ್ದಕ್ಕೆಲ್ಲ ನಾನು ಹೊಣೆ ಹೊತ್ತಿದ್ದೀನಿ, ಬಾಯಿ ಮುಚ್ಕೊಂಡು. ನಾನು ಮಾಡಿದ್ದಕ್ಕೆ ಒಂದ್ಸಲ ಅವರೂ ಹೊರಲಿ." ಅವರು ಮೊಹರನ್ನು ಪ್ಯಾಡಿಗೆ ಒತ್ತಿದರು. "ಟಿಪ್ಪಣಿ ಕೆಳಗೆ ನಿನ್ನ ಹೆಸರು ಹಾಕ್ಬೇಡ."

"ಆಗ್ಲೇ ಹಾಕಿದ್ದೀನಿ ಸರ್."

"ಒಳ್ಳೇ ಹುಡುಗಿ ಕಣಮ್ಮ ನೀನು. ಹಾಗಾದ್ರೆ ಇಬ್ಬರೂ ಒಂದೇ ಬಾವಿಗೆ ಬೀಳೋಣ."

ಉಗ್ರಾಣದವರು ಮೊಹರು ನೋಡಿದರು, ಬಾಗಿಲು ತೆಗೆದರು. ಹದಿನೇಳನೆಯ ತಾರೀಖು ನನಗೊಂದು ಕಾರ್ಡು ಬಂತು. ಪುಟ್ಟ ಅಕ್ಷರಗಳು: 'ಅಕ್ಕಾ, ಕಾಲು ಕೂತಿತು. ನಿನ್ನೆ ಹದಿನೆಂಟು ಹೆಜ್ಜೆ, ಇವತ್ತು ಮೂವತ್ತು. ಚರ್ಮ ಕೆಂಪಾಗಿ ಸ್ವಲ್ಪ ಒಡೆದಿದೆ. ಮೇಸ್ತ್ರಿ ಹತ್ತಿ ಇಟ್ಟು ಕಟ್ಟಿದ್ದಾರೆ. ಮಗಳು ಹೆಜ್ಜೆ ಎಣಿಸುತ್ತಾಳೆ, ನಡುವೆ ಬೇಕೆಂದೇ ಒಂದೆರಡು ಸೇರಿಸುತ್ತಾಳೆ.'

ಆ ಕಾರ್ಡನ್ನು ಪೂರ್ತಿ ಒಂದು ದಿನವೂ ಸಂತೋಷವಾಗಿ ಇಟ್ಟುಕೊಳ್ಳಲಾಗಲಿಲ್ಲ. ಹದಿನೆಂಟಕ್ಕೆ ಉಗ್ರಾಣದಲ್ಲಿದ್ದ ಆದೇಶದ ನಕಲು ಕೈಗಾರಿಕೆ ಖಾತೆಯವರ ಕೈಗೆ ಸಿಕ್ಕಿತು. ಕಾರ್ಯಾಗಾರದ ಜಾಗ ಹೊಡೆಯಲು ಯಾರೋ ಗುಟ್ಟಾಗಿ ಆದೇಶ ಹೊರಡಿಸಿದ್ದಾರೆ ಎಂದು ಗುಲ್ಲೆದ್ದಿತು. ಕಾಲಿನ ಮಾತು ಯಾರೂ ಎತ್ತಲಿಲ್ಲ. ಹತ್ತೊಂಬತ್ತಕ್ಕೆ ಖಾಲಿ ಮಂತ್ರಿಗಳಿಂದ ರಾಜೀನಾಮೆ ಬರೆಸಿಕೊಂಡರು. ಅನಾರೋಗ್ಯದ ಕಾರಣ ಎಂದು ಪತ್ರಿಕೆಗೆ ಕೊಟ್ಟರು. ಅವರ ಜೊತೆ ಯಾರೂ ಮೆಟ್ಟಿಲಿಳಿಯಲಿಲ್ಲ. ನಾನು ಇಳಿಯಬಹುದಾಗಿತ್ತು. ನನಗೆ ಬಂದಿದ್ದ ವಿಚಾರಣೆಯ ನೋಟಿಸು ಕೈಯಲ್ಲಿ ಹಿಡಿದು ಬಾಗಿಲ ಮರೆಯಲ್ಲೇ ನಿಂತುಬಿಟ್ಟೆ. ಇಷ್ಟು ವರ್ಷವಾದರೂ ಅದು ನನ್ನನ್ನು ಚುಚ್ಚುತ್ತದೆ.

ವಿಚಾರಣೆ ಇಪ್ಪತ್ತರಂದು. ಬೆಳಿಗ್ಗೆ ಹತ್ತಕ್ಕೆ ಬಂದು ಎರಡನೆಯ ಮಹಡಿಯ ಬೆಂಚಿನ ಮೇಲೆ ಕೂರಬೇಕು, ಕರೆಯುವ ತನಕ ಏಳಬಾರದು. ಕೂತೆ. ಅಪ್ಪ ತಿಂಡಿ ಮಾಡಿಟ್ಟಿದ್ದರು, ತುತ್ತು ಇಳಿದಿರಲಿಲ್ಲ. ಹನ್ನೆರಡು ವರ್ಷ ಜೊತೆಗೆ ಕೆಲಸ ಮಾಡಿದವರು ನನ್ನ ಮುಂದೆ ಹಾದುಹೋಗುವಾಗ ಕೈಯಲ್ಲಿದ್ದ ಕಾಗದವನ್ನು ಓದುತ್ತ ಹೋದರು. ಟೈಪಿಸ್ಟ್ ಮಾತ್ರ ಒಂದು ಕ್ಷಣ ನಿಂತು, ನನ್ನ ಸೆರಗಿನ ಮೇಲಿದ್ದ ದಾರದೆಳೆಯೊಂದನ್ನು ತೆಗೆದು ಮುಂದೆ ನಡೆದಳು.

ಹನ್ನೊಂದು ಹೊಡೆಯಿತು. ಬೋರ್ಡು ಸೇರುವ ಹೊತ್ತು. ನನ್ನ ಕೆಲಸದ ಗತಿ ಏನು ಎಂದು ಯೋಚಿಸಬೇಕಾಗಿತ್ತು. ನಾನು ಹೆಜ್ಜೆ ಎಣಿಸುತ್ತಿದ್ದೆ. ಹದಿನೆಂಟು, ಮೂವತ್ತು. ಒಡೆದ ಚರ್ಮ, ಹತ್ತಿ. ಎದುರಿನ ಮೆಟ್ಟಿಲಲ್ಲಿ ಯಾರಾದರೂ ಹತ್ತಿದರೆ ಮೂರನ್ನು ಎಣಿಸಿ ಉಸಿರು ಬಿಡುತ್ತಿದ್ದೆ. ಹೀಗೆ ಗಂಟೆ ಒಂದಾಯಿತು, ಎರಡಾಯಿತು. ಊಟದ ಗಂಟೆ ಮುಗಿದು ಎಲ್ಲರೂ ಮರಳಿ ಬಂದರು. ನನ್ನನ್ನು ಇನ್ನೂ ಕರೆದಿರಲಿಲ್ಲ.

ಮೂರರ ಹೊತ್ತಿಗೆ ಒಳಗಿನಿಂದ ಉಪಕಾರ್ಯದರ್ಶಿ, ನಮ್ಮ ಅಲ್ಪವಿರಾಮ, ಬಂದರು. ಅವರನ್ನು ಸಾಕ್ಷಿಗೆ ಕರೆದಿದ್ದರು. ಕೆಳಗಿಳಿದು ಹೋದವರು, ಸ್ವಲ್ಪ ಹೊತ್ತಿನ ಮೇಲೆ ಮರಳಿ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತರು. ಮಡಿಲಲ್ಲಿ ಕೈಚೀಲ. ನನ್ನ ಕಡೆ ನೋಡಲಿಲ್ಲ.

"ಅಂಚೆ ಕಚೇರಿಗೆ ಫೋನ್ ಮಾಡಿದ್ದೆ," ಎಂದರು.

ನಾನು ತಿರುಗಿದೆ.

"ನಲವತ್ತೂ ನಡೆದ್ಲಂತೆ. ಎರಡು ಮೆಟ್ಟಿಲು ಹತ್ತಿದ್ಲಂತೆ. ಮೂರನೇದರಲ್ಲಿ ಕಂಬಿ ಹಿಡ್ಕೊಂಡ್ಲಂತೆ."

"ಅಂದ್ರೆ ಸರ್?"

"ಕೆಲಸದಿಂದ ತೆಗೆಯಲ್ಲ. ಬೀದಿಗೆ ಕಳಿಸಲ್ಲ, ಒಳಗೆ ಕೂತು ಕಾಗದ ವಿಂಗಡಿಸ್ಬೇಕು. ಹಾಗಂತ ಬರೆದಿದ್ದಾರೆ."

ಕಣ್ಣಿಗೆ ಸೆರಗು ಒತ್ತಿಕೊಂಡೆ. ಮೂರು ಹೊಟ್ಟೆಗೆ ಅನ್ನ ಉಳಿಯಿತು. ಹದಿನಾಲ್ಕು ವರ್ಷ ಬೀದಿ ಅಳೆದವಳು ಇನ್ನು ಕಿಟಕಿಯಿಲ್ಲದ ಕೋಣೆಯಲ್ಲಿ ಕೂರಬೇಕು. ಹತ್ತು ದಿನ ಮುಂಚೆ ಕಾಲು ಸಿಕ್ಕಿದ್ದರೆ ಆ ಮೂರನೆಯ ಮೆಟ್ಟಿಲನ್ನೂ ಹತ್ತುತ್ತಿದ್ದಳು. ಆ ಹತ್ತು ದಿನ ನನ್ನ ಚೀಟಿಯಡಿ ಹೋದವು.

"ಒಳಗೆ ನನ್ನ ಕೇಳಿದ್ರು," ಎಂದರು ಅವರು. "ನೀವು ಮೊದ್ಲು ನನ್ನ ಹತ್ರ ಬಂದಿದ್ರಾ ಅಂತ." ಅವರ ಬೆರಳುಗಳು ಚೀಲದ ಹಿಡಿಯನ್ನು ಸುತ್ತುತ್ತಿದ್ದವು. "ನೆನಪಿಲ್ಲ ಅಂದೆ."

ಸಿಟ್ಟು ಬರಬೇಕಿತ್ತು, ಮುಖ ನೋಡಿದರೆ ಬರಲಿಲ್ಲ. ಅವರಿಗೆ ಮೂವರು ಮಕ್ಕಳಿದ್ದರು, ನಿವೃತ್ತಿಗೆ ಎರಡು ವರ್ಷ ಇತ್ತು.

ಬಾಗಿಲು ತೆರೆದು ಒಳಗಿನಿಂದ ಮತ್ತೆ ಅವರನ್ನೇ ಕರೆದರು. ಅವರು ಎದ್ದರು. ಚೀಲದಿಂದ ಊಟದ ಡಬ್ಬಿ ತೆಗೆದರು. ಅದನ್ನು ಸುತ್ತಿದ್ದ ಬಟ್ಟೆಯ ಗಂಟು ಮನೆಯಲ್ಲಿ ಕಟ್ಟಿದಂತೆಯೇ ಇತ್ತು. ನನ್ನ ಎರಡೂ ಕೈಯಲ್ಲಿ ಅದನ್ನಿಟ್ಟು, ಗಂಟು ಬಿಚ್ಚಿಕೊಟ್ಟು, ಒಳಗೆ ಹೋದರು.